ನನ್ನ ಸೊಸೆ ಮಾಸಿನಕ್ಕ

ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನನ್ನ ಮಗ "ಆಸ್ಪತ್ರೆ ಲ್ಯಾಬಲ್ಲಿ" ಎಂದು ಮಾತು ಮುಗಿಸಿಬಿಡುತ್ತಾನೆ. ನಾನು ಮುಗಿಸುವುದಿಲ್ಲ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಕೊಯ್ದು, ತುಂಡನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುತ್ತಾಳೆ ಎಂದು ಪೂರ್ತಿ ಹೇಳುತ್ತೇನೆ. ಊಟದ ಹೊತ್ತಾದರೂ ಹೇಳುತ್ತೇನೆ. ಮೂಗು ಮುರಿಯುವವರು ಮುರಿಯಲಿ, ಅದಿಲ್ಲದೆ ಹುಟ್ಟಿ ಬಂದವರು ಅವರಲ್ಲಿ ಒಬ್ಬರೂ ಇಲ್ಲ.

ಲ್ಯಾಬಿನವರು ಅವಳನ್ನು ಮಾಸಿನಕ್ಕ ಎಂದು ಕರೆಯುತ್ತಾರೆ. ಅವಳು ಕೆಲಸಕ್ಕೆ ಸೇರಿದಾಗ ಜೊತೆಗೆ ಬಂದವರೆಲ್ಲ ರಕ್ತದ ಮೇಜು ಬೇಕೆಂದು ಮುಗಿಬಿದ್ದರಂತೆ, ಮಾಸು ತುಂಬಿ ಬರುವ ಬಕೆಟ್ಟಿನ ಮೇಜು ಇವಳ ಪಾಲಿಗೆ ಬಂತು. ಆಮೇಲೆ ಬದಲಾಯಿಸುತ್ತೇವೆ ಎಂದಾಗ ಇವಳೇ ಒಪ್ಪಲಿಲ್ಲ. "ಕೆಲಸ ಮುಗಿದ್ಮೇಲೆ ತಾನಾಗೇ ಮೈ ಬಿಟ್ಟು ಹೋಗೋ ಅಂಗ ಇದೊಂದೇ ಅತ್ತೆ. ಹೋಗೋ ಮುಂಚೆ ಹೇಗಿದ್ದೆ ಅಂತ ಒಂದು ಮಾತು ಕೇಳ್ಬಾರ್ದಾ?" ಎಂದಳು. ನಾನು ಹೊಲಿಗೆಯವಳು. ಕತ್ತರಿ ಹಿಡಿದವರ ಯೋಗ್ಯತೆ ಬಟ್ಟೆಯ ಅಂಚಿನಲ್ಲಿ ಗೊತ್ತಾಗುತ್ತದೆ. ಅವಳ ಗಾಜಿನ ಪಟ್ಟಿಯೊಂದನ್ನು ಬೆಳಕಿಗೆ ಹಿಡಿದು ನೋಡಿದ ದಿನವೇ ಮನಸ್ಸಿನಲ್ಲಿ ಶಹಬ್ಬಾಸ್ ಅಂದೆ. ಬಾಯಿಬಿಟ್ಟು ಹೇಳಲಿಲ್ಲ, ಸೊಸೆಯನ್ನು ಅಷ್ಟು ಬೇಗ ಹೊಗಳಿದರೆ ಅತ್ತೆಗೆ ಏನು ಬೆಲೆ.

ನನ್ನ ಮಗಳು ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ಬಸುರಿ, ಸುತ್ತ ಮೂಗು ಸೋರುವ ಮಕ್ಕಳು, ರಜೆ ಹಾಕು ಎಂದು ಬಡಿದುಕೊಂಡೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟನೇ ತಿಂಗಳಿಗೆ ಬೀಳುವಾಗ ವೈರಸ್ ಜ್ವರ ಹಿಡಿಯಿತು, ಕೆಮ್ಮು ಎದೆಗಿಳಿದು ಉಸಿರಿಗೆ ಕೊಳವೆ ಇಡುವಂತಾಯಿತು. ಹೊಟ್ಟೆಯಲ್ಲಿರುವ ಮಗುವನ್ನು ಹೊರಗಿನದೆಂದು ಹೊಡೆದು ಹಾಕಬಾರದಲ್ಲ, ಅದಕ್ಕೆ ಬಸುರಿಯ ಮೈ ತನ್ನ ಕಾವಲಿನ ರೀತಿಯನ್ನೇ ಬದಲಿಸಿಕೊಂಡಿರುತ್ತದೆ, ಇಂಥ ಜ್ವರ ಕೆಲವರಿಗೆ ಜೋರಾಗುವುದು ಹಾಗೆ ಎಂದು ಸೊಸೆ ಬಿಡಿಸಿ ಹೇಳಿದಳು. ಮಗಳು ಹುಷಾರಾದಳು. ಆದರೆ ಕೆಲವು ವಾರಗಳಲ್ಲಿ, ದಿನ ತುಂಬುವ ಮೊದಲೇ ನೋವು ಶುರುವಾಯಿತು.

ನರ್ಸು ಬಾಗಿಲು ತೆಗೆದು "ಹೆಣ್ಣು ಮಗು, ಸ್ವಲ್ಪ ಸಣ್ಣದಿದೆ" ಎಂದಳು. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸೊಸೆ ಮುಂದೆ ನುಗ್ಗಿ, "ಮಾಸು ಎಲ್ಲಿಟ್ರಿ?" ಎಂದು ಕೇಳಿದಳು. ಅಳಿಯನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ನನಗೆ ನಖಶಿಖಾಂತ ಉರಿಯಿತು. "ಮಗು ಹೇಗಿದೆ ಅಂತ ಕೇಳೋದು ಬಿಟ್ಟು ಕಸದ ಬುಟ್ಟಿ ವಿಚಾರಿಸ್ತೀಯಲ್ಲೇ" ಎಂದೆ. ಹಾಗೆ ಕೇಳುವ ಅತ್ತಿಗೆ ಪ್ರಪಂಚದಲ್ಲಿ ಇವಳೊಬ್ಬಳೇ ಇರಬೇಕು. ಅವಳು ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಮಾಸನ್ನು ಲ್ಯಾಬಿಗೆ ಕಳಿಸಿ ಎಂದು ಡಾಕ್ಟರಮ್ಮ ಹೇಳಿದ್ದರು, ಆದರೆ ಗಡಿಬಿಡಿಯಲ್ಲಿ ಅದು ಆಸ್ಪತ್ರೆ ಕಸದ ಹಳದಿ ಚೀಲ ಸೇರಿತ್ತು. ಇವಳು ಚೀಲದ ಗಂಟು ಬಿಚ್ಚಿ ತೆಗೆದು, ಮುಚ್ಚಳದ ಡಬ್ಬಿಯೊಂದನ್ನು ಎದೆಗವಚಿಕೊಂಡು ಹೊರಗೆ ಬಂದಳು.

ಮಗು ಗಾಜಿನ ಪೆಟ್ಟಿಗೆಯಲ್ಲಿ ಚೆನ್ನಾಗಿಯೇ ಉಸಿರಾಡುತ್ತಿತ್ತು. ತೊಂದರೆ ಶುರುವಾದದ್ದು ತಾಯಿಯಿಂದ. ಅವಳು ಮಗುವನ್ನು ಮುಟ್ಟಲಿಲ್ಲ. ಹಾಲು ಹಿಂಡಿ ಕೊಡುತ್ತಿದ್ದಳು, ನರ್ಸು ಚಮಚದಲ್ಲಿ ಕುಡಿಸುತ್ತಿದ್ದಳು, ಇವಳು ಗಾಜಿನಾಚೆ ನಿಂತು ಅಳುತ್ತಿದ್ದಳು. "ನನ್ನ ಕಾಯಿಲೆನೇ ಅದಕ್ಕೆ ಕೊಟ್ಟಿದೀನಮ್ಮ. ಮುಟ್ಟಿ ಇನ್ನೇನು ಮಾಡ್ಲಿ?" ಮಗುವಿಗೆ ಸೋಂಕಿಲ್ಲ ಎಂದು ಪರೀಕ್ಷೆಯಲ್ಲಿ ಬಂದಿದ್ದರೂ ನಂಬಲಿಲ್ಲ. ನಾನು ಬೈದೆ, ಮುದ್ದು ಮಾಡಿದೆ, ಮತ್ತೆ ಬೈದೆ. ಕಲ್ಲಿಗೆ ಹೇಳಿದಂತಾಯಿತು. ಹೀಗೇ ಬಿಟ್ಟರೆ ತಾಯಿ ಮಗು ಒಬ್ಬರಿಗೊಬ್ಬರು ಅಪರಿಚಿತರಾಗಿಬಿಡುತ್ತಾರೆ ಎಂದು ಹೆದರಿದೆ.

ಗಾಜಿನ ಪಟ್ಟಿಗಳು ಸಿದ್ಧವಾದ ದಿನ ಸೊಸೆ ನಾದಿನಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಲ್ಯಾಬಿಗೆ ತಳ್ಳಿಕೊಂಡು ಹೋದಳು. ನಾನೂ ಹಿಂದೆಯೇ ಹೋದೆ. ಲ್ಯಾಬಿನ ಡಾಕ್ಟರು ಒಳ್ಳೆಯವರು, ಮಗಳ ಕಣ್ಣಿಗೆ ಸೂಕ್ಷ್ಮದರ್ಶಕ ಸರಿಮಾಡಿ ನಿಧಾನವಾಗಿ ತೋರಿಸಿದರು.

"ಇಲ್ಲಿ ಗುಂಪು ಕಟ್ಟಿರೋ ನೀಲಿ ಚುಕ್ಕೆಗಳು ನಿಮ್ಮ ಬಿಳಿ ರಕ್ತಕಣಗಳು. ವೈರಸ್ ಇದ್ದದ್ದು ನಿಮ್ಮ ಎದೇಲಿ, ಆದ್ರೆ ಅದರ ವಿರುದ್ಧ ಇಡೀ ಮೈ ಎದ್ದು ನಿಂತಿತ್ತಲ್ಲ, ಆ ಬಿಸಿ ಮಾಸಿಗೂ ತಟ್ಟಿದೆ. ಈ ಭಾಗಕ್ಕೆ ರಕ್ತ ಸರಿಯಾಗಿ ಹರಿದಿಲ್ಲ. ಮಗು ಸಣ್ಣ ಆಗಿರೋದು ಅದಕ್ಕೇ ಇರಬಹುದು. ವೈರಸ್ ಹುಡುಕೋ ಬಣ್ಣನೂ ಹಾಕಿ ನೋಡಿದ್ವಿ, ಎಲ್ಲೂ ಹತ್ತಲಿಲ್ಲ, ಅಂದ್ರೆ ಮಾಸಲ್ಲಿ ವೈರಸ್ ಇಲ್ಲ. ನಿಮ್ಮ ಮೈ ತಯಾರಿಸಿದ ಪ್ರತಿಕಾಯಗಳನ್ನ ಮಾಸೇ ಆರಿಸಿ ಮಗೂಗೆ ದಾಟಿಸುತ್ತೆ. ಒಂದಷ್ಟು ಅದಕ್ಕೂ ಸಿಕ್ಕಿರುತ್ತೆ."

ಮಗಳು ಕಣ್ಣು ತೆಗೆಯಲಿಲ್ಲ. "ಅಂದ್ರೆ ನನ್ನ ಜ್ವರದಿಂದ ಏಟು ಬಿದ್ದಿದೆ ತಾನೆ, ಅತ್ತಿಗೆ?" ಎಂದಳು.

ನಾನಾಗಿದ್ದರೆ ಇಲ್ಲ ಬಿಡು ಎಂದು ಸುಳ್ಳು ಹೇಳಿಬಿಡುತ್ತಿದ್ದೆ. ಸೊಸೆ ಹೇಳಲಿಲ್ಲ.

"ಬಿದ್ದಿದೆ. ಮಾಸು ಏಟು ತಿಂದಿದೆ. ಈ ಮಾಸು ಯಾರದು ಅಂದ್ಕೊಂಡಿದೀಯ? ಹೆಚ್ಚುಪಾಲು ನಿನ್ನ ಮಗಳದ್ದು. ಅವಳ ಜೀವಕಣಗಳಿಂದಲೇ ಬೆಳೆದದ್ದು. ಕಣ್ಣು ಮೂಗು ಮೂಡೋ ಮುಂಚೆನೇ ಇದನ್ನ ಕಟ್ಟೋಕೆ ಶುರುಮಾಡಿದ್ದಾಳೆ. ನೀನು ಆ ಕಡೆ ಹೋರಾಡಿದೆ, ಅವಳು ಈ ಕಡೆ ನಿಂತು ಏಟು ತಡ್ಕೊಂಡ್ಳು. ಅಂಥವಳನ್ನ ಅಲ್ಲಿ ಒಂಟಿ ಬಿಟ್ಟು ನೀನು ಗಾಜಿನ ಆಚೆ ನಿಂತಿದೀಯ."

ಇವಳನ್ನು ಹೆತ್ತದ್ದು ಯಾರೋ, ಪಡೆದದ್ದು ಮಾತ್ರ ನಾನು ಎಂದು ನನ್ನ ಎದೆ ಉಬ್ಬಿತು.

ಮಗಳು ಗಾಲಿಕುರ್ಚಿಯನ್ನು ಮರೆತು ನಡೆದೇ ಹೊರಟಳು. ವಾರ್ಡಿನ ಬಾಗಿಲ ಬಳಿಯ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು, ಸಾಲದೆಂದು ಮತ್ತೊಮ್ಮೆ ತೊಳೆದಳು. ನರ್ಸು ಪೆಟ್ಟಿಗೆ ತೆರೆದು ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿದಳು. ಅದು ಅಂಗೈಯಗಲದ ಬೆನ್ನನ್ನು ಒಮ್ಮೆ ಅಲುಗಿಸಿ ಸುಮ್ಮನಾಯಿತು. ನನ್ನ ಮಗಳು ಅದರ ಕಿವಿಯ ಹತ್ತಿರ ಬಾಗಿದಳು.

"ಜಟ್ಟಿ ಕಣೇ ನೀನು," ಎಂದಳು.