ಕುಸುಮತ್ತೆಯ ತೋರುಬೆರಳು

ಮೊನ್ನೆ ಪುಣೆಯ ವಿಮಾನ ನಗರದ ಮಾಲ್‌ನಲ್ಲಿ ಒಬ್ಬ ತಾಯಿ ಬೆಂಚಿನ ಮೇಲೆ ಕೂತು ಮಗುವಿನ ಕುತ್ತಿಗೆಗೆ ಪೌಡರ್ ಹಚ್ಚುತ್ತಿದ್ದಳು. ಆ ವಾಸನೆಗೆ ನಿಮಗಾದರೆ ಸ್ನಾನ ಮುಗಿಸಿದ ಹಸುಗೂಸು ನೆನಪಾದೀತು. ನನಗೆ ಮಾತ್ರ ಹಳೆಯ ಭಯವೊಂದು ಎದ್ದಿತು. ನಮ್ಮ ಧನಕವಡಿಯ ಮನೆಯಲ್ಲಿ ಪೌಡರ್ ಇದ್ದದ್ದು ಮುಖಕ್ಕಲ್ಲ, ಕೈಗೆ. ಅಪ್ಪನ ತಂಗಿ ಕುಸುಮತ್ತೆ ತಬಲಾದ ಮುಂದೆ ಕೂತಳೆಂದರೆ ಮೊದಲು ಅಂಗೈಗೆ ಪೌಡರ್ ಸುರಿದುಕೊಂಡು ಉಜ್ಜುತ್ತಿದ್ದಳು, ಬೆವರಿಗೆ ಬೆರಳು ಅಂಟಬಾರದೆಂದು. ಎರಡು ಕೋಣೆಯ ಮನೆ ಘಮ್ಮೆನ್ನುತ್ತಿತ್ತು. ಆಮೇಲೆ ಶುರುವಾಗುವ ನಾದಕ್ಕೆ ಅಡುಗೆಮನೆಯ ಡಬ್ಬಿಗಳು ಸಣ್ಣಗೆ ನಡುಗುತ್ತಿದ್ದವು.

ಧಾರವಾಡದಲ್ಲಿ ಕಲಿತವಳು ಅವಳು. ತೊಂಬತ್ತರ ದಶಕದ ಮೊದಲಲ್ಲಿ ಅಪ್ಪನಿಗೆ ಹಡಪಸರದ ಕಾರ್ಖಾನೆಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಾಗ ನಮ್ಮೊಂದಿಗೆ ಪುಣೆಗೆ ಬಂದಳು. ಬೆಳಿಗ್ಗೆ ಕಥಕ್ ಕ್ಲಾಸಿನಲ್ಲಿ ಹುಡುಗಿಯರ ಗೆಜ್ಜೆಗೆ ನುಡಿಸುವುದು, ಸಂಜೆ ಮಕ್ಕಳಿಗೆ ಪಾಠ. ಗಾಯಕರು ಮಾತ್ರ ಅವಳನ್ನು ಕಛೇರಿಯಲ್ಲಿ ಸಾಥ್ ಕೊಡಲು ಕರೆಯುತ್ತಿರಲಿಲ್ಲ. ಹೆಂಗಸಿನ ಕೈಗೆ ತೂಕ ಸಾಲದು ಎಂಬುದು ಅವರ ತಕರಾರು. ಅವಳ ತಾಯಿ, ನಮ್ಮ ಅಜ್ಜಿ, ಮದುವೆಯಾಗು, ಹೆಣ್ಣಿಗೆ ಮನೆ ಮೊದಲು ಎಂದು ಮಾತೆತ್ತಿದರೆ ಅತ್ತೆ ಎಡಗೈಯ ಡಗ್ಗಾದ ಮೇಲೆ ಗುಮ್ಮೆಂದು ಒಂದೇಟು ಹಾಕಿ ಬಾಯಿ ಮುಚ್ಚಿಸುತ್ತಿದ್ದಳು. ಹೀಗೆ ವರ್ಷಗಳು ಕಳೆದ ಮೇಲೆ, ನಮ್ಮ ಕಡೆಯವರೇ ಆದ ಒಬ್ಬ ಹಿರಿಯ ಗಾಯಕರು ತಮ್ಮ ಕಛೇರಿಗೆ ಅವಳನ್ನು ಕರೆದರು. ಮನೆಯಲ್ಲಿ ಅಂದು ಹೋಳಿಗೆ ಮಾಡಿದರು.

ಮಧ್ಯಾಹ್ನ ಅಜ್ಜಿ ಮಲಗುವ ಹೊತ್ತಿನಲ್ಲಿ ತಬಲಾ ಬಂದ್. ಆಗ ಅತ್ತೆ ನನ್ನನ್ನು ಬೋರಲು ಮಲಗಿಸಿಕೊಂಡು ಬೆನ್ನ ಮೇಲೆ ತೀನತಾಲ ತಟ್ಟುತ್ತಿದ್ದಳು. ನನ್ನನ್ನು ಮಲಗಿಸುವುದು ನೆಪ, ನಡೆಯುತ್ತಿದ್ದುದು ಅವಳ ರಿಯಾಜು. ಧಾ ಧಿಂ ಧಿಂ ಧಾ ಎನ್ನುವುದು ಅಕ್ಷರಕ್ಕಿಂತ ಮೊದಲೇ ನನ್ನ ಬೆನ್ನಿಗೆ ಬಂದಿತ್ತು. ಕಛೇರಿ ಹತ್ತಿರವಾದಾಗ, ಅಂಥ ಒಂದು ಮಧ್ಯಾಹ್ನ, ಒಂದು ಬೆರಳು ಬೆನ್ನಿಗೆ ಬೀಳಲಿಲ್ಲ. ಮತ್ತೆ ಬೀಳಲಿಲ್ಲ. ತಿರುಗಿ ನೋಡಿದೆ. ಅವಳ ಬಲಗೈಯ ತೋರುಬೆರಳು ತಾನಾಗಿ ಒಳಗೆ ಮಡಚಿಕೊಂಡಿತ್ತು. ಅನ್ನದಲ್ಲಿ ಹುಳ ಕಂಡವರ ಹಾಗೆ ಅವಳು ಅದನ್ನೇ ನೋಡುತ್ತಿದ್ದಳು.

“ನೋಯ್ತದೇನ ಅತ್ತಿ?”

“ಇಲ್ಲವ್ವಾ. ನೋವಿದ್ರ ಛೊಲೋ ಇತ್ತು,” ಎಂದಳು. “ಯಾರ ಮುಂದೂ ಹೇಳಬ್ಯಾಡ. ಹೆಂಗಸಿನ ಕೈ, ಕಡಿಗೂ ಸೋತ್ತು ಅಂತಾರ.”

ನನ್ನನ್ನು ಹೆದರಿಸಿದ್ದು ಇದು: ಆ ಬೆರಳು ರೊಟ್ಟಿ ಬಡಿಯುತ್ತಿತ್ತು, ಸೂಜಿಗೆ ದಾರ ಪೋಣಿಸುತ್ತಿತ್ತು, ನನ್ನ ಜಡೆ ಹೆಣೆಯುತ್ತಿತ್ತು. ತಾಳಕ್ಕೆ ಕರೆದಾಗ ಮಾತ್ರ ಒಳಗೆ ಹೋಗಿ ಕೂರುತ್ತಿತ್ತು. ಅತ್ತೆ ಗುಟ್ಟಾಗಿ ಹೋಗಿ ತೋರಿಸಿದಾಗ ಡಾಕ್ಟರು ಕೈಗೆ ಏನೂ ಆಗಿಲ್ಲ ಎಂದುಬಿಟ್ಟರು. ತಬಲಾ ಮೇಲೆ ತಪ್ಪಿದರೆ ಇಡೀ ಮನೆಗೆ ಕೇಳುತ್ತದೆ. ಹಾಗಾಗಿ ತೋರುಬೆರಳಿನ ಕೆಲಸವನ್ನು ನಡುಬೆರಳಿಗೆ ಕಲಿಸುವ ಪಾಠ ನನ್ನ ಬೆನ್ನ ಮೇಲೇ ನಡೆಯಿತು. “ಈಗ ಬಂತೇನ?” ಎಂದು ಪಿಸುಗುಡುತ್ತಿದ್ದಳು. ಬಂತು ಎನ್ನಲು ಎಷ್ಟು ಆಸೆಯಿತ್ತು! ಎಷ್ಟೋ ದಿನ ಆ ಪೆಟ್ಟು ಬರಲಿಲ್ಲ, ಕೊನೆಕೊನೆಗೆ ಒಮ್ಮೆ ಬಂದರೆ ಒಮ್ಮೆ ಇಲ್ಲ. ಊಟಕ್ಕೆ ಕೂತಾಗ ನಾನು ಅನ್ನ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದೆ. ಅಮ್ಮ, ಹುಡುಗಿಗೆ ದೃಷ್ಟಿ ತಾಗಿದೆ ಎಂದು ನನಗೇ ಉಪ್ಪು ನಿವಾಳಿಸಿದಳು.

ಕಛೇರಿಯ ದಿನ ಅಮ್ಮನ ಸೆರಗು ಕಚ್ಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದೆ. ನಿಧಾನಗತಿಯ ವಿಲಂಬಿತ ಹೇಗೋ ದಾಟಿತು. ದ್ರುತದಲ್ಲಿ ಗಾಯಕರು ಲಯ ಏರಿಸುತ್ತಾ ಹೋದರು. ಒಮ್ಮೆ ತಿರುಗಿ ಅತ್ತೆಯ ಕೈ ನೋಡಿದರು. ನನ್ನ ಬೆನ್ನೆಲ್ಲ ಬೆವೆತು ಹೋಯಿತು. ಎಲ್ಲಿ ನಿಂತೀತು, ಈಗ ನಿಂತೀತು ಎಂದು ಪ್ರತಿ ಪೆಟ್ಟಿಗೂ ಸತ್ತು ಬದುಕಿದೆ. ಆ ಒಂದು ಸಲಕ್ಕೆ ನಡುಬೆರಳು ಅವಳ ಮಾನ ಉಳಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ವೇದಿಕೆಯ ಹಿಂದೆ ಗಾಯಕರು, “ಇನ್ನ ಮ್ಯಾಲೆ ಎಲ್ಲಾ ಕಛೇರಿಗೂ ನೀವ ಬರಬೇಕ್ರಿ,” ಎಂದರು. ಅವಳು ಇಷ್ಟು ವರ್ಷ ಕಾದಿದ್ದು ಈ ಒಂದು ಮಾತಿಗೆ. ಅತ್ತೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಹೇಳಿದಳು: “ಆಗೂದಿಲ್ರಿ. ಅವ್ವನ ತಬ್ಯೇತ ನೆಟ್ಟಗಿಲ್ಲ. ಮನಿ ನೋಡಬೇಕಾಗೇದ.” ಅಜ್ಜಿ ಅಲ್ಲಿ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಳು. ಗಾಯಕರು ಸಂಶಯಪಟ್ಟು ಕೈ ತೋರಿಸ್ರಿ ಎಂದಾರೆಂದು ನಾನು ಅವಳ ಸೆರಗಿನ ಮುಂದೆ ಅಡ್ಡ ನಿಂತೆ. ಅವರು ಕೂಡಲೇ ತಲೆಯಾಡಿಸಿದರು. “ಹೌದ್ ಹೌದ್. ಹೆಣ್ಮಕ್ಕಳಿಗೆ ಮನಿ ಮೊದಲ ನೋಡ್ರಿ.”

ಜೀವಮಾನವಿಡೀ ಯಾವ ಮಾತಿಗೆ ಡಗ್ಗಾ ಬಾರಿಸಿ ಉತ್ತರ ಕೊಟ್ಟಿದ್ದಳೋ ಅದೇ ಮಾತಿನ ಹಿಂದೆ ಅವಳು ಅಡಗಿಕೊಂಡಳು. ಆಮೇಲೆ ಯಾರ ಮುಂದೆಯೂ ನುಡಿಸಲಿಲ್ಲ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅತ್ತೆ ಜ್ವರದ ನೆಪದಲ್ಲಿ ತೀರಿಕೊಂಡಳು. ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು, ಭಾಳ ಛಂದ ಬಾರಸ್ತಿದ್ಳು, ತಾಯಿ ಸಲುವಾಗಿ ಬಿಟ್ಳು ಅಂತ. ಅಜ್ಜಿ ಗೋಡೆಗೆ ಒರಗಿ, “ನನ್ನಿಂದ ಕೂಸಿನ ಕೈ ಕಟ್ಟಿಹೋತು” ಎಂದು ಅಳುತ್ತಿದ್ದಳು. ನಿಜ ಹೇಳಲು ಬಾಯಿ ತೆರೆದೆ. ಸೋತ ಕೈಯೆಂದು ಅತ್ತೆಯನ್ನು ಜನ ಅಂದಾರು ಎಂಬ ಹೆದರಿಕೆಗೆ ಮಾತು ಹೊರಡಲಿಲ್ಲ. ಅಜ್ಜಿ ಹಾಗೆಯೇ ಅಳುತ್ತಾ ಕೂತಿದ್ದಳು.