ಸೂಜಿಯಕ್ಕನ ಬೆರಳು

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಸೂಜಿ ಹಿಡಿದವಳನ್ನು ಆ ಬೀದಿಯವರು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಆರೂವರೆಗೆ ಷಟರ್ ಎತ್ತುವ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಮೆಟ್ಟಿಲ ತನಕ ಬೆಳೆದಿರುತ್ತಿತ್ತು. ದಪ್ಪ ತೋಳಿನವರು, ಔಷಧ ಏರಿಸಿಕೊಂಡು ಏರಿಸಿಕೊಂಡು ನರಗಳೇ ಅಡಗಿಹೋದವರು, ಕೈಕಾಲು ಬಡಿಯುವ ಮಕ್ಕಳು, ಯಾರೇ ಇರಲಿ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಎಡಗೈಯ ತೋರುಬೆರಳನ್ನು ಮೊಣಕೈ ಮಡಿಕೆಯಲ್ಲಿ ಒಮ್ಮೆ ಆಡಿಸಿದರೆ ಅವಳಿಗೆ ನರ ಸಿಕ್ಕಿಬಿಡುತ್ತಿತ್ತು. "ನೋವಾಗುತ್ತಾ ಅಕ್ಕ?" ಎಂದು ಕಣ್ಣುಮುಚ್ಚಿ ಕೇಳಿದವರಿಗೆ "ಆಗೋದಿದ್ರೆ ಇಷ್ಟೊತ್ತಿಗೆ ಆಗ್ಬೇಕಿತ್ತು, ಏಳಿ" ಎನ್ನುವುದು ಅವಳ ಹಳೆಯ ತಮಾಷೆ.

ನಲವತ್ತೊಂದನೇ ವಯಸ್ಸಿಗೆ ಅವಳ ಮೈಯೇ ಅವಳಿಗೆ ಕೈಕೊಡತೊಡಗಿತು. ಒಂದು ವಾರ ಹೊಟ್ಟೆ ಉಬ್ಬರಿಸಿದರೆ ಮರುವಾರ ಬಾಯಿ ತುಂಬ ಹುಣ್ಣು. ಎರಡೂ ಮೊಣಕೈಯಲ್ಲಿ ಸಣ್ಣ ನೀರುಗುಳ್ಳೆ ಎದ್ದು, ರಕ್ತ ಬರುವಷ್ಟು ತುರಿಕೆ. ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಮಾಯವಾಗುತ್ತಿತ್ತು. ಒಂದು ದಿನ 'ಹತ್ತಿ' ಎಂಬ ಪದ ನೆನಪಾಗದೆ, "ಅದೇ, ಬೆಳ್ಳಗಿರುತ್ತಲ್ಲ, ಅದನ್ನ ಕೊಡಿ" ಎಂದು ಗಾಳಿಯಲ್ಲಿ ಕೈಯಾಡಿಸಿದಳು. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಬೆರಳ ತುದಿಯ ಜೋಮು. ಚರ್ಮದ ಡಾಕ್ಟರು ಮುಲಾಮು ಕೊಟ್ಟರು, ಹೊಟ್ಟೆಯ ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟರು, ನರದ ಡಾಕ್ಟರು "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಎಂದು ಕಳಿಸಿದರು.

ಕೊನೆಗೆ ರೋಗವನ್ನು ಪತ್ತೆಹಚ್ಚಿದವರು ಲ್ಯಾಬಿನ ವರದಿಗಳಿಗೆ ಸಹಿ ಹಾಕುತ್ತಿದ್ದ ಮುದುಕ ಡಾಕ್ಟರು. "ಏನಮ್ಮ, ಊರಿನವರ ರಕ್ತ ಎಲ್ಲ ತೆಗೀತೀಯ, ನಿಂದು ಯಾವಾಗ ಕೊಡ್ತೀಯ?" ಎಂದು ಅವರೇ ಕೂರಿಸಿ ತೆಗೆಸಿದರು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಕರುಳಿನ ಚೂರನ್ನೂ ತೆಗೆದು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಅಂಟು ಅವಳಿಗೆ ಆಗಿಬರುವುದಿಲ್ಲ.

"ಒಂದು ಚೂರೂ ಬೇಡ," ಎಂದರು ಡಾಕ್ಟರು. "ಬ್ರೆಡ್ಡಿನ ಪುಡಿ ತಾಗಿದ ಚಮಚ ಕೂಡ ಬೇಡ. ಇದು ಕಳ್ಳ ಕಣಮ್ಮ. ತಿಂದ ತಕ್ಷಣ ಗೊತ್ತಾಗ್ಲೇಬೇಕು ಅಂತಿಲ್ಲ. ನಾಲ್ಕು ದಿನ ಬಿಟ್ಟು, ಬೇರೆ ಯಾವುದೋ ವೇಷದಲ್ಲಿ ಬರುತ್ತೆ."

ಅವಳು ಆ ದಿನದಿಂದಲೇ ಬಿಟ್ಟಳು. ಏಳು ತಿಂಗಳಿಗೆ ಮೊಣಕೈ ನುಣುಪಾಯಿತು, ಮರೆತ ಪದಗಳು ಮರಳಿದವು, ಬೆರಳಿಗೆ ನರದ ಉಬ್ಬು ಮತ್ತೆ ಸಿಗತೊಡಗಿತು.

ಗಂಡನಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಅವನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾಲ್ಕಕ್ಕೇ ಮನೆಗೆ ಬರುತ್ತಿದ್ದುದರಿಂದ ಸಂಜೆಯ ಅಡುಗೆ ಅವನದು, ಅದರ ಬಗ್ಗೆ ಹೆಮ್ಮೆಯೂ ಇತ್ತು. "ನಮ್ಮಜ್ಜಿ ತೊಂಬತ್ತು ವರ್ಷ ಗೋಧಿ ತಿಂದ್ಕೊಂಡೇ ಬದುಕಿದ್ರು. ನಿಮಗೆಲ್ಲ ರೋಗಾನೂ ಫ್ಯಾಷನ್ನು," ಎನ್ನುತ್ತಿದ್ದ. ಅವನ ತಂಗಿಯ ಮಗಳ ಹುಟ್ಟುಹಬ್ಬದಲ್ಲಿ ಇವಳು ಕೇಕು ಬೇಡವೆಂದಾಗ ನಾದಿನಿ ಎಲ್ಲರ ಮುಂದೆ, "ಯಾಕತ್ತಿಗೆ, ವಿಷ ಹಾಕಿದೀವಾ?" ಎಂದುಬಿಟ್ಟಳು. ಅವತ್ತು ಮನೆಗೆ ಬರುವ ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಆಮೇಲಿಂದ ಅವಳೂ ಮೈಯ ಸುದ್ದಿಯನ್ನು ಅವನ ಮುಂದೆ ಎತ್ತುವುದನ್ನು ಬಿಟ್ಟಳು.

ಮರುವರ್ಷ ಎಲ್ಲವೂ ಮತ್ತೆ ಶುರುವಾಯಿತು. ಮೊದಲು ಬಾಯಿಹುಣ್ಣು, ವಾರ ಕಳೆದು ಗುಳ್ಳೆ, ಆಮೇಲೆ ಜೋಮು. ಎಲ್ಲಿಂದ ಬಂತೆಂದು ಅವಳಿಗೆ ಬಗೆಹರಿಯಲಿಲ್ಲ. ಟೂತ್‌ಪೇಸ್ಟ್ ಬದಲಿಸಿದಳು, ಮಾತ್ರೆಯ ಡಬ್ಬಿಗಳ ಮೇಲಿನ ಇರುವೆಯಂಥ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದಳು, ಜರಡಿ ಎಸೆದು ಹೊಸದು ತಂದಳು, ಬಾಣಲೆಯನ್ನು ತಳ ಸವೆಯುವಂತೆ ಉಜ್ಜಿದಳು. ಮಧ್ಯಾಹ್ನ ಲ್ಯಾಬಿನಲ್ಲಿ ಯಾರ ಜೊತೆಗೂ ಕೂತು ಉಣ್ಣದೆ, ಡಬ್ಬಿ ಹಿಡಿದು ಸ್ಟೋರ್ ರೂಮಿಗೆ ಹೋಗುತ್ತಿದ್ದಳು. ಎಲ್ಲೋ ತಾನೇ ಎಡವುತ್ತಿದ್ದೇನೆ ಎಂದು ತನ್ನನ್ನೇ ಬೈದುಕೊಂಡಳು. ಗಂಡ ಕಂಡರೆ ಗೇಲಿ ಮಾಡಿಯಾನೆಂದು ಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಟ್ಟಳು.

ಆ ದಿನಗಳಲ್ಲೇ ನಾಲ್ಕು ವರ್ಷದ ಒಂದು ಮಗು ಬಂತು. ಅವಳು ಬೆರಳು ಇಟ್ಟಳು. ಬೆರಳಿಗೆ ಏನೂ ತಿಳಿಯಲಿಲ್ಲ, ಮರದ ಮೇಲೆ ಮರ ಇಟ್ಟ ಹಾಗೆ. ಅಂದಾಜಿನಲ್ಲಿ ಚುಚ್ಚಿದಳು, ತಪ್ಪಿತು. ಇನ್ನೊಂದು ಕೈ, ಅದೂ ತಪ್ಪಿತು. ಮೂರನೇ ಸಲಕ್ಕೆ ಚರ್ಮದಡಿ ರಕ್ತ ಹರಡಿ ನೀಲಿಗಟ್ಟಿತು. ತಾಯಿ ಮಗುವನ್ನು ಕಿತ್ತುಕೊಂಡು, "ಸೂಜಿಯಕ್ಕ ಇದ್ದಾರೆ ಅಂತ ಎರಡು ಬಸ್ಸು ಬದಲಾಯಿಸ್ಕೊಂಡು ಬಂದ್ವಲ್ಲ, ನಮಗೆ ಬುದ್ಧಿ ಇಲ್ಲ," ಎಂದಳು. ಆ ವಾರ ಅಂಥವು ಇನ್ನೂ ಎರಡಾದವು. ಸೋಮವಾರದಿಂದ ಮ್ಯಾನೇಜರು ಅವಳನ್ನು ಕೌಂಟರಿಗೆ, ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸಕ್ಕೆ ಕೂರಿಸಿದರು. ಅದನ್ನೂ ಅವಳು ಮನೆಯಲ್ಲಿ ಹೇಳಲಿಲ್ಲ.

ಆರು ದಿನ ಕಳೆದು, ಭಾನುವಾರ. ನಾದಿನಿ ಊಟಕ್ಕೆ ಬಂದಿದ್ದಳು. ಮೇಷ್ಟ್ರು ತರಕಾರಿ ಸೂಪು ಬಡಿಸಿ, ಹೆಂಡತಿ ಬಟ್ಟಲು ಖಾಲಿ ಮಾಡುವ ತನಕ ಕಾದು, ಕೈಕಟ್ಟಿ ಕೂತ. ಮುಖದಲ್ಲಿ ನಗು.

"ಹೇಗಿತ್ತು ಸೂಪು?"

"ಚೆನ್ನಾಗಿತ್ತು."

"ನಲವತ್ತು ದಿನದಿಂದ ಚೆನ್ನಾಗೇ ಇದೆ. ದಿನಾ ಒಂದು ಚಮಚ ಗೋಧಿ ಹಿಟ್ಟು ಕಲಸಿ ಹಾಕ್ತಿದೀನಿ." ಅವನು ತಂಗಿಯ ಕಡೆ ತಿರುಗಿದ. "ದಿನಾ ಊಟ ಆದ್ಮೇಲೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದೀನಿ. ವಾಂತಿ ಇಲ್ಲ, ನೋವು ಇಲ್ಲ, ಮಲಗಿ ನಿದ್ದೆ ಹೊಡೀತಾಳೆ. ಗೊತ್ತಿಲ್ದೆ ತಿಂದ್ರೆ ಏನೂ ಆಗಲ್ಲ. ಎಲ್ಲ ಮನಸ್ಸಿಂದು, ಪರೀಕ್ಷೆ ಮಾಡಿ ತೋರಿಸ್ದೆ ನೋಡು."

ನಾದಿನಿ ಕಿಸಕ್ಕನೆ ನಕ್ಕಳು.

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಎರಡೂ ತೋಳುಗಳನ್ನು ನಿಧಾನವಾಗಿ ಮೇಲೆ ಮಡಚಿದಳು. ಹಳೆಯ ಗುಳ್ಳೆಗಳ ಕಪ್ಪು ಹಕ್ಕಳೆ, ಹೊಸ ಗುಳ್ಳೆಗಳ ಕೆಂಪು, ಉಗುರು ಎಳೆದ ಗೀರುಗಳು. ನಾದಿನಿಯ ನಗು ಅಲ್ಲೇ ನಿಂತಿತು.

"ನಾನು ಈಗ ಸೂಜಿ ಹಿಡಿಯಲ್ಲ ರೀ. ಹಿಡಿಯೋಕಾಗಲ್ಲ," ಎಂದಳು. "ಒಂದು ಮಗುಗೆ ಮೂರು ಕಡೆ ಚುಚ್ಚಿದೆ. ಅದೂ ನಿಮ್ಮ ಪರೀಕ್ಷೇಲಿ ಬರ್ಕೊಳ್ಳಿ."

ಮರುದಿನ ಅವಳು ಲ್ಯಾಬಿನಲ್ಲಿ ರಕ್ತ ಕೊಡಲು ಸಹೋದ್ಯೋಗಿಯ ಮುಂದೆ ತೋಳು ಚಾಚಿದಳು. ನಾಲ್ಕನೇ ದಿನ ವರದಿಯನ್ನು ಊಟದ ಮೇಜಿನ ಮೇಲಿಟ್ಟಳು. ಗ್ಲುಟನ್ನಿಗೆ ಮೈ ತಿರುಗಿಬಿದ್ದಾಗ ರಕ್ತದಲ್ಲಿ ಏರುವ ಅಂಶ ಮಿತಿಗಿಂತ ಒಂಬತ್ತು ಪಟ್ಟು ಇತ್ತು. ಮೇಷ್ಟ್ರು ಎರಡು ಸಲ ಓದಿ, ಹಿಂದೆ ತಿರುಗಿಸಿಯೂ ನೋಡಿದ.

"ಲ್ಯಾಬಲ್ಲಿ ತಪ್ಪಾಗಿರಬಹುದು."

ಅವಳು ಕೆಳಗಿದ್ದ ಮುದುಕ ಡಾಕ್ಟರ ಸಹಿಯ ಮೇಲೆ ಬೆರಳಿಟ್ಟಳು.

"ಕೈ ಹೀಗಾಗಿದೆ ಅಂತ ನೀನು ಮೊದ್ಲೇ ಹೇಳ್ಬೇಕಿತ್ತು," ಎಂದ ಅವನು. "ಒಂದೇ ಒಂದು ಚಮಚ ಕಣೇ. ನಿನ್ನ ಒಳ್ಳೇದಕ್ಕೇ ಮಾಡಿದ್ದು."

"ಸೂಪಲ್ಲಿ ಏನಿದೆ ಅಂತ ನೀವು ಮೊದ್ಲೇ ಹೇಳ್ಬೇಕಿತ್ತು," ಎಂದಳು ಅವಳು.

ಅವಳು ಮನೆ ಬಿಟ್ಟು ಹೋಗಲಿಲ್ಲ. ಅಡುಗೆಮನೆಯ ಕಿಟಕಿಯ ಪಕ್ಕ ಒಂದು ಚಿಕ್ಕ ಒಲೆ, ಮೂರು ಪಾತ್ರೆ, ಬೀಗವಿರುವ ಒಂದು ಕಪಾಟು ಬಂದವು. ಐದು ತಿಂಗಳಿಗೆ ಗುಳ್ಳೆ ಒಣಗಿದವು, ಹುಣ್ಣು ಮಾಯಿತು. ಎಡಗೈಯ ತೋರುಬೆರಳು ಮಾತ್ರ ಈ ಸಲ ಮರಳಲಿಲ್ಲ. "ನರ ಎರಡನೇ ಸಲ ಪೆಟ್ಟು ತಿಂದ್ರೆ ಹೀಗೇ ಅಮ್ಮ, ಕೆಲವರಿಗೆ ಬರುತ್ತೆ, ಕೆಲವರಿಗೆ ಇಲ್ಲ," ಎಂದು ಮುದುಕ ಡಾಕ್ಟರು ಅವಳ ಮುಖ ನೋಡದೆ ಹೇಳಿದರು. ಹಳಬರು ಈಗಲೂ ಕೌಂಟರಿಗೆ ಬಂದು, "ಅಕ್ಕ, ನೀವೇ ಚುಚ್ಚಿ," ಎನ್ನುತ್ತಾರೆ. ಅವಳು ಚೀಟಿ ಅಂಟಿಸಿ ಒಳಗಡೆಗೆ ಕೈ ತೋರಿಸುತ್ತಾಳೆ.

ಗಂಡ ನೆಂಟರ ಮುಂದೆ ದೂರುತ್ತಾನೆ: "ವರ್ಷ ಆಯ್ತು, ನನ್ನ ಕೈಯ ನೀರೂ ಮುಟ್ಟಲ್ಲ. ಇಷ್ಟು ಛಲ ಒಳ್ಳೇದಲ್ಲ." ಒಬ್ಬ ಅತ್ತಿಗೆ ಬುದ್ಧಿ ಹೇಳಲು ಬಂದಾಗ ಅವಳು, "ಕೋಪ ಏನಿಲ್ಲ ಅಕ್ಕ. ಅವರು ಮಾಡಿದ್ದು ತಿನ್ನಲ್ಲ, ಅಷ್ಟೇ," ಎಂದಳು.

ಮೊನ್ನೆ ಒಂದು ಸಂಜೆ ಅವನು ಅವಳದೇ ಪಾತ್ರೆಯನ್ನು ಎರಡು ಸಲ ತೊಳೆದು, ಅವಳ ಕಣ್ಣೆದುರೇ ಅಕ್ಕಿ ಹಾಕಿ ಬೇಯಿಸಿ, ತಟ್ಟೆಗೆ ಬಡಿಸಿ ಮುಂದಿಟ್ಟ.

"ಬರೀ ಅನ್ನ ಕಣೇ. ನೀನೇ ನೋಡ್ತಿದ್ಯಲ್ಲ."

"ಹಸಿವಿಲ್ಲ ರೀ," ಎಂದಳು.

ಅವನು ಎದ್ದು ಒಳಕೋಣೆಗೆ ಹೋದ ಮೇಲೆ ಅವಳು ಪಾತ್ರೆಯನ್ನು ಮತ್ತೆ ಉಜ್ಜಿ ತೊಳೆದು, ಕಪಾಟಿನ ಬೀಗ ತೆಗೆದು, ತನಗೊಬ್ಬಳಿಗೆ ಬೇಕಾದಷ್ಟು ಅಕ್ಕಿ ಅಳೆದು ಒಲೆ ಹಚ್ಚಿದಳು.