ಹಲೋಮಾವ ಕೊಟ್ಟ ನಲವತ್ತೆಂಟು ವೋಲ್ಟು

ಪ್ರತಿ ಸಭೆಗೂ ಮುಂಚೆ "ಹಲೋ, ಹಲೋ, ಕೊನೇ ಸಾಲಿನವರಿಗೆ ಕೇಳಿಸ್ತಾ?" ಎನ್ನುತ್ತಿದ್ದವನು ಎಲ್ಲರಿಗೂ ಹಲೋಮಾವ. ನನಗೆ ನಿಜಕ್ಕೂ ಸೋದರಮಾವ. ಸಂಘದ ಸಭಾಂಗಣದಲ್ಲಿ ಮೂವತ್ತು ವರ್ಷದಿಂದ ಮೈಕಿನ ಕೆಲಸ. ಅಷ್ಟು ಭಾಷಣ ಕೇಳಿಯೂ ಮನುಷ್ಯರನ್ನು ನಂಬುತ್ತಿದ್ದನಲ್ಲ, ಅದೇ ನನಗೆ ಸಿಟ್ಟು.

ಅವನ ಅಸಲಿ ಕೆಲಸ ಬೇರೆಯೇ ಇತ್ತು. ವೇದಿಕೆಯಲ್ಲಿ ಅಧ್ಯಕ್ಷರು ಕಾರ್ಯದರ್ಶಿಯ ಕಿವಿಯಲ್ಲಿ ಪಿಸುಗುಟ್ಟಲು ವಾಲಿದರೆ ಸಾಕು, ಮಾವ ತನ್ನ ಮುಂದಿನ ಮಿಕ್ಸರ್ ಪೆಟ್ಟಿಗೆಯ ಗುಂಡಿ ತಿರುಗಿಸಿ ದನಿ ಇಳಿಸುತ್ತಿದ್ದ. ಅಧ್ಯಕ್ಷರ ಮಾನ ಅವನ ಎರಡು ಬೆರಳಲ್ಲಿತ್ತು.

ಆ ಪುಣ್ಯಾತ್ಮರು ಹೊಸ ಮೈಕು ತಂದರು. ಉಸಿರನ್ನೂ ಬಿಡದೆ ಹಿಡಿಯುವ ಸೂಕ್ಷ್ಮದ ಮೈಕು. ಅದಕ್ಕೆ ಮಿಕ್ಸರಿನಿಂದ, ಮಾತು ಬರುವ ತಂತಿಯಲ್ಲೇ ನಲವತ್ತೆಂಟು ವೋಲ್ಟು ಕಳಿಸಬೇಕು. ನಮ್ಮ ಹಳೇ ಮಿಕ್ಸರಿನಲ್ಲಿ ಆ ಏರ್ಪಾಡಿಲ್ಲ. ಮೈಕು ತುಟಿ ಬಿಚ್ಚಲಿಲ್ಲ.

"ವಾರ್ಷಿಕ ಸಭೆಗೆ ಇದು ಮಾತಾಡ್ಬೇಕು ಕಣಯ್ಯಾ. ಇಲ್ಲಾಂದ್ರೆ ನಾವು ಬೇರೆಯವರನ್ನ ನೋಡ್ಕೋತೀವಿ" ಎಂದರು ಅಧ್ಯಕ್ಷರು.

ಮಾವ ಮಿಕ್ಸರನ್ನು ಮನೆಗೆ ಹೊತ್ತು ತಂದು ಊಟದ ಮೇಜಿನ ಮೇಲೆ ಬಿಚ್ಚಿದ. ಮೈಕಿನ ತಂತಿಯೊಳಗಿನ ಎರಡೂ ಎಳೆಗಳಿಗೆ ಕರೆಂಟು ಸಮನಾಗಿ ಹೋಗಬೇಕಂತೆ. ತುಸು ಹೆಚ್ಚುಕಮ್ಮಿಯಾದರೂ ಗುಂಯ್ ಎನ್ನುತ್ತದಂತೆ. ಕರೆಂಟಿಗೆ ತಡೆ ಹಾಕುವ ನಲವತ್ತು ರೆಸಿಸ್ಟರುಗಳನ್ನು ಒಂದೊಂದಾಗಿ ಮೀಟರಿಗೆ ಹಿಡಿದು, ಅವಳಿಜವಳಿಯಂಥ ಎರಡನ್ನು ಆರಿಸಿದ.

ಅತ್ತೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದಳು. "ನನ್ನ ಮದುವೆ ಆಗೋವಾಗ್ಲೂ ಇಷ್ಟು ನೋಡಿರ್ಲಿಲ್ಲ ನೀವು."

"ಆಗ ನನ್ನ ಹತ್ರ ಮೀಟರ್ ಇರ್ಲಿಲ್ಲ ಕಣೇ."

ಸಭೆಯ ದಿನ ಮೈಕು ಮಾತಾಡಿತು. ಗುಂಯ್ ಇಲ್ಲ, ಗೊರಗೊರ ಇಲ್ಲ. ಮಾವನ ಮುಖ ಅರಳಿದ್ದು ಕಂಡು ನನ್ನ ಕಣ್ಣು ತುಂಬಿತು. ಇನ್ನು ಅವನ ಕೆಲಸಕ್ಕೆ ಮೋಸವಿಲ್ಲ ಅಂದುಕೊಂಡೆ.

ಅಧ್ಯಕ್ಷರು ಎಂದಿನಂತೆ ಕಾರ್ಯದರ್ಶಿಯತ್ತ ವಾಲಿದರು. ಮಾವನ ಬೆರಳು ಎಂದಿನಂತೆ ಗುಂಡಿಗೆ ಹೋಯಿತು. ಅಷ್ಟರಲ್ಲಿ ಮೈಕು ಹಿಡಿದೇಬಿಟ್ಟಿತು: "ಹೆಂಗೋ ರಿಪೇರಿ ಆಯ್ತಲ್ಲ, ಇನ್ನು ಈ ಮುದುಕ ಯಾಕೆ?"

ಬೆರಳು ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಮಾವ ಪಿಸುಮಾತಿಗೆ ಗುಂಡಿಯನ್ನು ದನಿ ಏರುವ ಕಡೆಗೆ ತಿರುಗಿಸಿದ.

"ನಮ್ಮ ಅಳಿಯ ಖಾಲಿ ಕೂತಿದ್ದಾನೆ, ಅವನನ್ನ ಕೂರಿಸೋಣ. ಎದುರಿಗೆ ಕೂತಿರೋ ಈ ಪೆದ್ದರದ್ದೇನು, ಕೈ ಎತ್ತಿ ಅಂದ್ರೆ ಎತ್ತುತ್ತಾರೆ" ಎಂಬ ಪಿಸುಮಾತು ಗೋಡೆಗೋಡೆಗೂ ಬಡಿಯಿತು.

ಮಾವ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಮೈಕೇ ಇಲ್ಲದೆ ಕೇಳಿದ: "ಕೊನೇ ಸಾಲಿನವರಿಗೆ ಕೇಳಿಸ್ತಾ?"

ಕೊನೆಯ ಸಾಲಿನವರು, ಯಾರೂ ಹೇಳದೆಯೇ, ಕೈ ಎತ್ತಿದರು.